ಬೆಂಚ್ ಮೇಲಿನ ಏಳು ಜನ: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಹೊಸಬರನ್ನು ಆಟಕ್ಕೆ ತರುವ ಬಗೆ

ಸ್ಕೋರ್‌ಶೀಟ್‌ನಲ್ಲಿ 12 ಹೆಸರು ಬರೆಯಬಹುದು, ಕೋರ್ಟಿನಲ್ಲಿ ಆಡುವವರು ಐವರು. ಬೆಂಗಳೂರಿನ ಎಷ್ಟೋ ಕಾಲೇಜು ತಂಡಗಳು ಆ ಐವರ ಜೊತೆ ಇನ್ನೊಬ್ಬನನ್ನು, ಹೆಚ್ಚೆಂದರೆ ಇಬ್ಬರನ್ನು ನೆಚ್ಚಿಕೊಂಡು ವರ್ಷ ಕಳೆಯುತ್ತವೆ. ಉಳಿದವರ ಪಾಲಿಗೆ ನೀರಿನ ಬಾಟಲಿ, ಟವೆಲ್, ಚಪ್ಪಾಳೆ. ಒಂದೇ ದಿನ ಎರಡು ನಾಕೌಟ್ ಪಂದ್ಯ ಬಿದ್ದಾಗ ಇದರ ಬಿಸಿ ತಟ್ಟುತ್ತದೆ. ಎರಡನೇ ಪಂದ್ಯದ ಕೊನೆಯ ಕ್ವಾರ್ಟರ್ ಹೊತ್ತಿಗೆ ಚೆಂಡು ಮುನ್ನಡೆಸುವ ಮೇನ್ ಗಾರ್ಡ್‌ನ ಕಾಲು ಏಳುವುದಿಲ್ಲ, ರಿಂಗಿನ ಬಳಿ ಆಡುವ ಸೆಂಟರ್ ಐದನೇ ಫೌಲ್ ಮಾಡಿ ಹೊರಬಂದಿರುತ್ತಾನೆ, ಅವನ ಜಾಗಕ್ಕೆ ಎದ್ದವನಿಗೆ ತಾನೆಲ್ಲಿ ನಿಲ್ಲಬೇಕೆಂಬುದೇ ಗೊತ್ತಿರುವುದಿಲ್ಲ.

ಅವನಲ್ಲಿ ದಮ್ಮಿಲ್ಲ ಎಂದು ಷರಾ ಬರೆಯುವ ಮೊದಲು ಒಂದು ಲೆಕ್ಕ ಹಾಕಿ. ಪ್ರಾಕ್ಟೀಸ್‌ಗೆ 15 ಮಂದಿ ಬರುತ್ತಾರೆ. ಫುಲ್ ಕೋರ್ಟ್ ಐದು–ಐದು ಆಟದಲ್ಲಿ ಬೆಂಚ್ ಹುಡುಗನಿಗೆ ಎಂಟು ನಿಮಿಷ ಸಿಕ್ಕಿತು ಅನ್ನೋಣ. ಅಷ್ಟರಲ್ಲಿ ಅವನ ತಂಡಕ್ಕೆ ಸುಮಾರು 15 ಸಲ ಚೆಂಡು ಸಿಗುತ್ತದೆ. ಅದನ್ನು ಐವರು ಹಂಚಿಕೊಳ್ಳಬೇಕು, ಅದರಲ್ಲೂ ಸೀನಿಯರ್‌ಗಳ ಪಾಲು ದೊಡ್ಡದು. ಇವನಿಗೆ ಉಳಿಯುವುದು ಎರಡೋ ಮೂರೋ ಶಾಟ್. ವಾರಕ್ಕೆ ನಾಲ್ಕು ದಿನ ಬಂದರೂ ಹತ್ತು–ಹನ್ನೆರಡು ಶಾಟ್ ದಾಟುವುದಿಲ್ಲ. ಇಷ್ಟರಲ್ಲಿ ಯಾರ ಕೈಯೂ ಕುದುರದು. ಬೆಂಚ್ ಬೆಳೆಯದಿರುವುದಕ್ಕೆ ಮೊದಲ ಕಾರಣ ಪ್ರತಿಭೆಯ ಕೊರತೆಯಲ್ಲ, ಚೆಂಡಿನ ಕೊರತೆ. ಎರಡನೆಯದು, ಅವನ ಕೆಲಸ ಏನೆಂದು ಯಾರೂ ಬಿಡಿಸಿ ಹೇಳದಿರುವುದು. ಮೂರನೆಯದು, ಪಂದ್ಯದಲ್ಲಿ ಅವನನ್ನು ಇಳಿಸುವ ಹೊತ್ತು ತಪ್ಪುವುದು. ಈ ಮೂರನ್ನೂ ಒಂದು ಸೆಮಿಸ್ಟರ್‌ನಲ್ಲಿ ಸರಿಪಡಿಸಬಹುದು. ಹೊಸ ಕೋರ್ಟ್ ಬೇಕಿಲ್ಲ, ಹೆಚ್ಚಿನ ದುಡ್ಡೂ ಬೇಕಿಲ್ಲ.

ಚೆಂಡು ಕೈಗೆ ಸಿಗಲಿ

ಬೆಳಿಗ್ಗೆ 6:30ಕ್ಕೆ ಪ್ರಾಕ್ಟೀಸ್ ಇದ್ದರೆ ಬೆಂಚ್‌ನ ಆರು ಮಂದಿ 6:15ಕ್ಕೆ ಬರಲಿ. ಡಿಸೆಂಬರ್–ಜನವರಿಯಲ್ಲಿ ಆ ಹೊತ್ತಿಗೆ ಬೆಳಕು ಸಾಲದು, ಪೇಂಟ್ ಬಳಿದ ಸಿಮೆಂಟ್ ಕೋರ್ಟಾದರೆ ಇಬ್ಬನಿಗೆ ಜಾರುತ್ತದೆ ಕೂಡ. ಆ ಎರಡು ತಿಂಗಳು ಈ ಅಭ್ಯಾಸವನ್ನು ಪ್ರಾಕ್ಟೀಸ್ ಮುಗಿದ ಮೇಲೆ ಇಟ್ಟುಕೊಳ್ಳಿ.

ಎರಡು ರಿಂಗ್, ರಿಂಗಿಗೆ ಮೂವರು. ಒಬ್ಬ ಶಾಟ್ ಹೊಡೆಯುತ್ತಾನೆ, ಒಬ್ಬ ರಿಬೌಂಡ್, ಅಂದರೆ ರಿಂಗಿಗೆ ಬಡಿದು ಬಂದ ಚೆಂಡು, ಹಿಡಿಯುತ್ತಾನೆ, ಇನ್ನೊಬ್ಬ ಪಾಸ್ ಕೊಡುತ್ತಾನೆ. ಮೂವರಿಗೆ ಎರಡು ಚೆಂಡು ಸಾಕು. ನಿಮಿಷಕ್ಕೊಮ್ಮೆ ಸ್ಥಾನ ಬದಲಾಗಬೇಕು. 12 ನಿಮಿಷದಲ್ಲಿ ಒಬ್ಬೊಬ್ಬನಿಗೆ ನಾಲ್ಕು ನಿಮಿಷ, ನಿಮಿಷಕ್ಕೆ ಹತ್ತರಂತೆ 40 ಶಾಟ್. ಇದನ್ನು ಐದು ಜಾಗಕ್ಕೆ ಎಂಟೆಂಟರಂತೆ ಹಂಚಿ: ಎರಡು ಕಾರ್ನರ್, 45 ಡಿಗ್ರಿಯ ಎರಡು ಜಾಗ, ರಿಂಗಿನ ನೇರ ಎದುರು. ಶುರುವಿನಲ್ಲಿ ದೂರ ನಾಲ್ಕು ಮೀಟರ್, ಅದಕ್ಕಿಂತ ಹಿಂದೆ ಬೇಡ. ಮೂರು ಪಾಯಿಂಟ್ ಗೆರೆ 6.75 ಮೀಟರ್ ದೂರದಲ್ಲಿದೆ. ಹೊಸಬ ಬಂದ ದಿನವೇ ಅಲ್ಲಿಂದ ಎಸೆಯತೊಡಗಿದರೆ ಚೆಂಡು ಮುಟ್ಟಿಸಲೆಂದು ಎದೆಯಿಂದ ತಳ್ಳುವುದನ್ನು ಕಲಿಯುತ್ತಾನೆ. ಆ ಅಭ್ಯಾಸ ಬಿಡಿಸಲು ಮುಂದೆ ಒಂದು ವರ್ಷ ಬೇಕಾಗುತ್ತದೆ. 40ರಲ್ಲಿ 22 ಬಾಸ್ಕೆಟ್ ಸತತ ಮೂರು ದಿನ ಬಿದ್ದರೆ ಅರ್ಧ ಮೀಟರ್ ಹಿಂದಕ್ಕೆ ಕಳುಹಿಸಿ. ಬೀಳದಿದ್ದರೆ ಅಲ್ಲೇ ನಿಲ್ಲಲಿ, ಎಷ್ಟೇ ಗೋಗರೆದರೂ.

ಶಾಟ್ ಯಾಕೆ ತಪ್ಪುತ್ತದೆ ಎಂಬುದನ್ನು ರಿಂಗಿನಲ್ಲಿ ಹುಡುಕಬೇಡಿ, ಚೆಂಡು ಕೈಗೆ ಬರುವ ಗಳಿಗೆಯಲ್ಲಿ ಹುಡುಕಿ. ಬೆಂಚ್ ಹುಡುಗನ ಕಾಲನ್ನೇ ನೋಡುತ್ತಾ ನಿಲ್ಲಿ. ಪಾಸ್ ಹೊರಟಾಗ ಅವನ ಮಂಡಿ ನೆಟ್ಟಗಿರುತ್ತದೆ, ಕೈ ಸೊಂಟದ ಪಕ್ಕ ಜೋತುಬಿದ್ದಿರುತ್ತದೆ. ಚೆಂಡು ಬಂದ ಮೇಲೆ ಕೈ ಏಳುತ್ತದೆ. ಹಿಡಿದ ಮೇಲೆ ಕಾಲು ಸರಿಪಡಿಸಿಕೊಳ್ಳುತ್ತಾನೆ, ಆಮೇಲೆ ಮಂಡಿ ಬಗ್ಗಿಸುತ್ತಾನೆ, ಚೆಂಡನ್ನು ತೊಡೆಯ ತನಕ ಇಳಿಸಿ ಮತ್ತೆ ಮೇಲಕ್ಕೆ ಎತ್ತುತ್ತಾನೆ. ಇಷ್ಟು ಹೊತ್ತಿಗೆ ಎದುರಾಳಿ ಬಂದು ಮುಖದೆದುರು ಕೈ ಎತ್ತಿ ನಿಂತಾಗಿರುತ್ತದೆ. ಹೊಸಬ ಗಾಬರಿಯಲ್ಲಿ ಎಸೆಯುತ್ತಾನೆ. ನೋಡಿದವರು ‘ಧೈರ್ಯ ಸಾಲದು’ ಎನ್ನುತ್ತಾರೆ. ಕೊರತೆ ಇದ್ದದ್ದು ಧೈರ್ಯದ್ದಲ್ಲ, ಪಾಸ್ ಬರುವ ಮುಂಚಿನ ತಯಾರಿಯದ್ದು.

ತಿದ್ದುವುದು ಹೀಗೆ. ಪಾಸ್ ಕೊಡುವವನು ಚೆಂಡು ಎತ್ತಿದ ಕೂಡಲೇ ಹಿಡಿಯುವವನ ಹತ್ತೂ ಬೆರಳು ಎದೆಯ ಮುಂದೆ ಕಾಣಬೇಕು, ಮಂಡಿ ಆಗಲೇ ಬಗ್ಗಿರಬೇಕು. ಚೆಂಡು ಗಾಳಿಯಲ್ಲಿರುವಾಗ ರಿಂಗಿನ ಮಧ್ಯಕ್ಕೆ ಹತ್ತಿರವಿರುವ ಒಳಗಾಲು ನೆಲಕ್ಕೆ ತಾಗಲಿ, ಹಿಂದೆಯೇ ಹೊರಗಾಲು. ಮೊದಲ ವಾರ ಶಾಟ್ ಹೊಡೆಸಲೇಬೇಡಿ. ಹಿಡಿದು, ಕಾಲೂರಿ, ಚೆಂಡನ್ನು ಎದೆಯ ಮಟ್ಟದಲ್ಲೇ ಇಟ್ಟು ನಿಲ್ಲಬೇಕು, ಅಷ್ಟೆ. ದಿನಕ್ಕೆ 30 ಸಲ. ಬೇಜಾರಿನ ಕೆಲಸವೇ ಹೌದು, ಆದರೆ ಇದರಿಂದ ಬರುವ ಫಲ ಬೇರೆ ಯಾವ ಡ್ರಿಲ್‌ನಿಂದಲೂ ಇಷ್ಟು ಬೇಗ ಬರುವುದಿಲ್ಲ.

ಇನ್ನೆರಡು ತಪ್ಪು ಪದೇ ಪದೇ ಕಾಣುತ್ತವೆ. ಒಂದು, ಆಸರೆಗೆ ಇಟ್ಟ ಕೈಯ ಹೆಬ್ಬೆರಳೂ ಚೆಂಡನ್ನು ತಳ್ಳುವುದು. ಚೆಂಡು ಹಿಮ್ಮುಖವಾಗಿ ಸುತ್ತುವ ಬದಲು ಪಕ್ಕಕ್ಕೆ ಸುತ್ತುತ್ತಾ ಹೋದರೆ ಇದೇ ಕಾರಣ. ರಿಂಗಿನಿಂದ ಒಂದೂವರೆ ಮೀಟರ್‌ನಲ್ಲಿ ನಿಂತು, ಒಂದೇ ಕೈಯಲ್ಲಿ ದಿನಕ್ಕೆ 25 ಶಾಟ್ ಹೊಡೆದರೆ ಹೋಗುತ್ತದೆ. ಎರಡು, ಚೆಂಡು ಎತ್ತರಕ್ಕೆ ಹೋಗದೆ ಚಪ್ಪಟೆಯಾಗಿ ಹೋಗುವುದು. ರಿಂಗಿನ ಒಳ ಅಗಲ 45 ಸೆಂಟಿಮೀಟರ್, ಚೆಂಡಿನ ಅಗಲ ಸುಮಾರು 24. ಮೇಲಿನಿಂದ ಇಳಿಯುವ ಚೆಂಡಿಗೆ ಜಾಗ ಧಾರಾಳ. ಚಪ್ಪಟೆಯಾಗಿ ಬರುವ ಚೆಂಡಿಗೆ ಅದೇ ರಿಂಗ್ ಕಿರಿದಾಗಿ ಸಿಗುವುದರಿಂದ ಮುಂಭಾಗಕ್ಕೆ ಬಡಿದು ವಾಪಸ್ ಬರುತ್ತದೆ.

ಎಡಗೈ ಲೇ-ಅಪ್, ಅಂದರೆ ರಿಂಗಿನ ಹತ್ತಿರಕ್ಕೆ ಬಂದು ಜಿಗಿದು ಹಾಕುವ ಶಾಟ್, ಬರದವನನ್ನು ಎದುರಾಳಿ ಎರಡೇ ನಿಮಿಷದಲ್ಲಿ ಗುರುತು ಹಿಡಿದು ಬಲಗಡೆ ಮುಚ್ಚಿಬಿಡುತ್ತಾನೆ. ಇದನ್ನು ಹಿಂದಿನಿಂದ ಮುಂದಕ್ಕೆ ಕಲಿಸಿ. ಮೊದಲು ಡ್ರಿಬಲ್ ಇಲ್ಲದೆ ಬಲಗಾಲಿನಲ್ಲಿ ಜಿಗಿದು, ಎಡ ಮಂಡಿ ಎತ್ತಿ, ಬೋರ್ಡಿನ ಚಿಕ್ಕ ಚೌಕದ ಮೇಲಿನ ಹತ್ತಿರದ ಮೂಲೆಗೆ ಚೆಂಡು ತಾಗಿಸಬೇಕು. ಅದು ಕೂತ ಮೇಲೆ ಎಡ–ಬಲ ಎರಡು ಹೆಜ್ಜೆ. ಆಮೇಲೆ ಒಂದು ಡ್ರಿಬಲ್ ಸೇರಿಸಿ. ಓಡುತ್ತಾ ಮಾಡುವುದು ಕೊನೆಗೆ.

ಯಾರು ಎಲ್ಲಿಂದ ಬಂದವರು, ಕೇಳಿ

ಬೆಂಗಳೂರಿನ ಹಾಸ್ಟೆಲ್‌ಗಳಲ್ಲಿ ಮಂಡ್ಯ, ಹಾಸನ, ಚಿತ್ರದುರ್ಗ, ರಾಯಚೂರು ಕಡೆಯ ಹುಡುಗ ಹುಡುಗಿಯರು ತುಂಬಿದ್ದಾರೆ. ಊರಿನ ಹೈಸ್ಕೂಲಿನಲ್ಲಿ ವಾಲಿಬಾಲ್, ಕಬಡ್ಡಿ, ಖೋ-ಖೋ ಆಡಿ ಬಂದವರು. ಮಲ್ಲೇಶ್ವರ, ಜಯನಗರದ ಕ್ಲಬ್ ಕೋರ್ಟುಗಳಲ್ಲಿ ಎಂಟನೇ ವಯಸ್ಸಿನಿಂದ ಡ್ರಿಬಲ್ ಮಾಡಿದವರ ಪಕ್ಕ ನಿಲ್ಲಿಸಿದರೆ ಇವರು ಒರಟಾಗಿ ಕಾಣುತ್ತಾರೆ. ಟ್ರಯಲ್ಸ್‌ನಲ್ಲಿ ಡ್ರಿಬಲ್ ಒಂದನ್ನೇ ನೋಡಿ ಆರಿಸುವುದು ಅದಕ್ಕೇ ತಪ್ಪು.

ವಾಲಿಬಾಲ್ ಆಡಿದವನಿಗೆ ಎರಡು ಕಾಲಲ್ಲಿ ಜಿಗಿಯುವ ಟೈಮಿಂಗ್ ಸಿದ್ಧವಾಗಿರುತ್ತದೆ, ರಿಬೌಂಡ್‌ಗೆ ಬೇಕಾದದ್ದು ಅದೇ. ಆದರೆ ಚೆಂಡು ಸಿಕ್ಕಾಗ ಹಿಡಿಯುವ ಬದಲು ತಟ್ಟಿಬಿಡುತ್ತಾನೆ. ಬೋರ್ಡಿಗೆ ಚೆಂಡು ಎಸೆದು, ಜಿಗಿದು ಎರಡೂ ಕೈಯಲ್ಲಿ ಹಿಡಿದು, ಗಲ್ಲದ ಕೆಳಗೆ ತಂದು, ಮೊಣಕೈ ಅಗಲಿಸಿ ಇಳಿಯುವುದನ್ನು ದಿನಕ್ಕೆ 15 ಸಲ ಮಾಡಿಸಿ. ಕಬಡ್ಡಿಯಿಂದ ಬಂದವನು ತಗ್ಗಿ ನಿಲ್ಲುವುದರಲ್ಲಿ, ಪಕ್ಕಕ್ಕೆ ಸರಿಯುವುದರಲ್ಲಿ ಸೀನಿಯರ್‌ಗಳನ್ನೂ ಮೀರಿಸುತ್ತಾನೆ. ಅವನ ತೊಂದರೆ ಕೈ. ಎದುರಿಗೆ ಬಂದವನನ್ನು ಹಿಡಿಯುವುದು ಹುಟ್ಟುಗುಣವೇ ಆಗಿರುತ್ತದೆ. ಹಾಗಾಗಿ ಐದೇ ನಿಮಿಷದಲ್ಲಿ ಮೂರು ಫೌಲ್. ಡಿಫೆನ್ಸ್ ಡ್ರಿಲ್ ಮಾಡುವಾಗ ಎರಡೂ ಕೈಗೆ ಒಂದೊಂದು ಟೆನಿಸ್ ಬಾಲ್ ಕೊಟ್ಟುಬಿಡಿ. ಹಿಡಿಯಲು ಬೆರಳೇ ಖಾಲಿ ಇರುವುದಿಲ್ಲ, ಕಾಲು ತಾನಾಗಿ ಕೆಲಸ ಮಾಡುತ್ತದೆ. ಖೋ-ಖೋ ಹುಡುಗಿಯರು ಥಟ್ಟನೆ ದಿಕ್ಕು ಬದಲಿಸುತ್ತಾರೆ, ಎದುರಾಳಿಯನ್ನು ಬೆನ್ನಟ್ಟಿ ಒತ್ತಡ ಹಾಕುವ ಪ್ರೆಸ್ ಡಿಫೆನ್ಸ್‌ಗೆ ಹೇಳಿ ಮಾಡಿಸಿದವರು. ತಲೆ ಬಗ್ಗಿಸಿ ಓಡುವ ಅಭ್ಯಾಸ ಮಾತ್ರ ಬಿಡಿಸಬೇಕು.

ಎತ್ತರದ ವಿಷಯದಲ್ಲೂ ಆತುರ ಬೇಡ. 17–18ರ ಕೆಲವು ಹುಡುಗರು ಇನ್ನೂ ಬೆಳೆಯುತ್ತಿರುತ್ತಾರೆ. ಮೊದಲ ವರ್ಷ ಗಾರ್ಡ್ ಎಂದು ಬರೆದುಕೊಂಡವನು ಮೂರನೇ ವರ್ಷಕ್ಕೆ ಎತ್ತರ ಬೇಡುವ ಫಾರ್ವರ್ಡ್ ಆಗಬಹುದು.

75 ನಿಮಿಷವನ್ನು ಹಂಚುವುದು

ಪಿಡಿ ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಕ್ರಿಕೆಟ್, ಅಥ್ಲೆಟಿಕ್ಸ್, ಥ್ರೋಬಾಲ್ ಎಲ್ಲವನ್ನೂ ತಲೆಯ ಮೇಲೆ ಹೊತ್ತಿರುತ್ತಾರೆ. ಹಾಗಾಗಿ ಈ ವೇಳಾಪಟ್ಟಿ ಕ್ಯಾಪ್ಟನ್ ನಡೆಸಿಕೊಂಡು ಹೋಗುವಷ್ಟು ಸರಳವಾಗಿರಬೇಕು. ವಾರ್ಮ್ ಅಪ್ ಹತ್ತು ನಿಮಿಷ. 15 ನಿಮಿಷ ಅವರವರ ಕೆಲಸದ ಡ್ರಿಲ್. 25 ನಿಮಿಷ ಹಾಫ್ ಕೋರ್ಟಿನಲ್ಲಿ ಮೂರು–ಮೂರು. 20 ನಿಮಿಷ ಐದು–ಐದು. ಉಳಿದ ಐದು ನಿಮಿಷ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ತಡೆಯಿಲ್ಲದ ಶಾಟ್.

ಇದರ ಜೀವಾಳ ಮೂರು–ಮೂರು ಆಟ. ಎರಡು ಹಾಫ್ ಕೋರ್ಟಿನಲ್ಲಿ 12 ಮಂದಿ ಏಕಕಾಲಕ್ಕೆ ಆಡುತ್ತಾರೆ, ಹೊರಗಿರುವ ಮೂವರು ನಾಲ್ಕು ನಿಮಿಷಕ್ಕೊಮ್ಮೆ ಒಳಬರುತ್ತಾರೆ. ಶಾಟ್‌ಗೆ 12 ಸೆಕೆಂಡ್, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ 3x3 ನಿಯಮದಲ್ಲಿ ಇರುವಷ್ಟೇ. ಎಂಟು ನಿಮಿಷದಲ್ಲಿ ಒಂದೊಂದು ತಂಡಕ್ಕೆ 20 ಸಲ ಚೆಂಡು, ಮೂವರಲ್ಲಿ ಹಂಚಿದರೆ ತಲಾ ಆರೇಳು ಶಾಟ್. ಐದು–ಐದರಲ್ಲಿ ಸಿಗುತ್ತಿದ್ದ ಎರಡು ಮೂರರ ಜೊತೆ ಹೋಲಿಸಿ ನೋಡಿ. ಬಚ್ಚಿಟ್ಟುಕೊಳ್ಳಲು ಜಾಗವೂ ಇರುವುದಿಲ್ಲ. ಡಿಫೆನ್ಸ್‌ನಲ್ಲಿ ಮೈಮರೆತರೆ ಮರುಕ್ಷಣ ಬಾಸ್ಕೆಟ್ ಬಿದ್ದಿರುತ್ತದೆ. ಒಂದೊಂದು ಮೂವರ ಗುಂಪಿನಲ್ಲಿ ಒಬ್ಬ ಸೀನಿಯರ್, ಇಬ್ಬರು ಬೆಂಚ್‌ನವರು. ಸೀನಿಯರ್ ಹಾಕಿದ ಬಾಸ್ಕೆಟ್‌ಗೆ ಒಂದು, ಬೆಂಚ್‌ನವನದಕ್ಕೆ ಎರಡು ಪಾಯಿಂಟ್. ಗೆಲ್ಲಬೇಕಾದರೆ ಸೀನಿಯರ್ ಪಾಸ್ ಕೊಡಲೇಬೇಕು, ಉಪದೇಶದ ಅಗತ್ಯ ಬೀಳುವುದಿಲ್ಲ.

ಐದು–ಐದು ಆಡಿಸುವಾಗ ಮುಖ್ಯ ಐವರನ್ನು ಒಂದೇ ಕಡೆ ಹಾಕಬೇಡಿ. ಹಾಕಿದರೆ ಆಟ 20–4ಕ್ಕೆ ಮುಗಿಯುತ್ತದೆ. ಸೀನಿಯರ್‌ಗಳು ಸೋಮಾರಿಗಳಾಗುತ್ತಾರೆ, ಬೆಂಚ್‌ನವರು ಸೋಲುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಮೂವರು–ಇಬ್ಬರು ಎಂದು ಒಡೆದು, ದಿನ ಬಿಟ್ಟು ದಿನ ಬದಲಿಸಿ.

ಫ್ರೀ ಥ್ರೋವನ್ನು ಸಾಲಾಗಿ ಹತ್ತು ಹೊಡೆಸುವುದರಲ್ಲಿ ಅರ್ಥವಿಲ್ಲ. ಪಂದ್ಯದಲ್ಲಿ ಸಿಗುವುದು ಒಂದೋ ಎರಡೋ, ಅದೂ ಏದುಸಿರಿನಲ್ಲಿ. 28 ಮೀಟರ್ ಕೋರ್ಟನ್ನು ಎರಡು ಸಲ ಓಡಿ ಬಂದು ಎರಡು ಹೊಡೆಯಬೇಕು, ಮತ್ತೆ ಓಡಬೇಕು. ಒಬ್ಬೊಬ್ಬನಿಗೆ ಮೂರು ಸುತ್ತು.

ಮೂರೇ ಸಾಲಿನ ಕೆಲಸ

‘ಸರ್, ನನಗೆ ಚಾನ್ಸೇ ಸಿಗ್ತಿಲ್ಲ’ ಎಂದು ಬಂದವನಿಗೆ ‘ಚೆನ್ನಾಗಿ ಪ್ರಾಕ್ಟೀಸ್ ಮಾಡಪ್ಪ, ಸಿಗುತ್ತೆ’ ಎಂದು ಕಳಿಸಿದರೆ ಅವನು ಮಾರನೇ ದಿನದಿಂದ ಕಣ್ಣಿಗೆ ಬೀಳಲೆಂದು ದೂರದಿಂದ ಶಾಟ್ ಎಸೆಯತೊಡಗುತ್ತಾನೆ. ಅದರ ಬದಲು ಮೂರು ಸಾಲು ಬರೆದುಕೊಡಿ. ಉದಾಹರಣೆಗೆ ಒಬ್ಬ ಎರಡನೇ ವರ್ಷದ ಫಾರ್ವರ್ಡ್‌ಗೆ ಹೀಗೆ: ‘ಚೆಂಡು ಇರುವವನಿಗೆ ಮಧ್ಯದ ದಾರಿ ಕೊಡಬೇಡ, ಸೈಡ್ ಲೈನ್ ಕಡೆಗೇ ತಳ್ಳು. ಶಾಟ್ ಹೋದ ಕೂಡಲೇ ಚೆಂಡು ನೋಡಬೇಡ, ಮೊದಲು ನಿನ್ನ ಆಟಗಾರನಿಗೆ ಬೆನ್ನು ಕೊಟ್ಟು ತಡೆ. ಕಾರ್ನರ್‌ನಲ್ಲಿ ಪಾಸ್ ಬಂದಾಗ ಖಾಲಿ ಇದ್ದರೆ ಹೊಡಿ, ಇಲ್ಲದಿದ್ದರೆ ಒಂದೇ ಡ್ರಿಬಲ್, ಪಾಸ್.’ ನಾಲ್ಕನೇ ಸಾಲು ಬೇಡ. ಡ್ರಿಲ್‌ನ 15 ನಿಮಿಷವೂ ಈ ಮೂರಕ್ಕೇ ಮೀಸಲು.

ಬೆನ್ನು ಕೊಟ್ಟು ತಡೆಯುವುದನ್ನು, ಅಂದರೆ ಬಾಕ್ಸ್ ಔಟ್ ಅನ್ನು, ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ಮಾಡಿಸುವವರು ಕಡಿಮೆ. ಮೊದಲು ಮುಂಗೈ ಎದುರಾಳಿಯ ಎದೆಗೆ ತಾಗಿಸಿ ಅವನು ಎಲ್ಲಿದ್ದಾನೆಂದು ತಿಳಿದುಕೊಳ್ಳಬೇಕು. ಆಮೇಲೆ ತಿರುಗಿ, ಸೊಂಟ ತಗ್ಗಿಸಿ, ಪೃಷ್ಠ ಅವನ ತೊಡೆಗೆ ಒತ್ತಬೇಕು. ಒಂದು ಕ್ಷಣ ಅಲ್ಲೇ ಇದ್ದು ಆಮೇಲೆ ಚೆಂಡಿಗೆ ಹೋಗಬೇಕು. ಹೊಸಬರು ತಿರುಗುತ್ತಾರೆ, ಆದರೆ ಮೈ ತಾಗಿಸುವುದಿಲ್ಲ, ಎದುರಾಳಿ ಪಕ್ಕದಿಂದ ನುಸುಳಿಬಿಡುತ್ತಾನೆ. ಚೆಂಡನ್ನು ನೆಲದ ಮೇಲಿಟ್ಟು, ಡಿಫೆಂಡರ್ ಐದು ಸೆಕೆಂಡ್ ಎದುರಾಳಿಯನ್ನು ಅದರಿಂದ ದೂರ ತಡೆಯುವ ಆಟ ಆಡಿಸಿ. ಎರಡು ವಾರಕ್ಕೆ ಮೈ ಒಗ್ಗುತ್ತದೆ.

ಪಂದ್ಯದಲ್ಲಿ ಯಾವಾಗ ಇಳಿಸಬೇಕು

25 ಪಾಯಿಂಟ್ ಮುಂದಿದ್ದಾಗ ಕೊನೆಯ ಮೂರು ನಿಮಿಷ ಐವರು ಬೆಂಚ್‌ನವರನ್ನು ಒಟ್ಟಿಗೆ ಇಳಿಸುವುದು ಎಲ್ಲರೂ ಮಾಡುವ ಕೆಲಸ, ಅತಿ ಕಡಿಮೆ ಉಪಯೋಗದ್ದೂ ಅದೇ. ಐವರಿಗೂ ಸ್ಕೋರ್ ಮಾಡುವ ಹಂಬಲ, ಪಾಸ್ ಕೊಡುವವರಿಲ್ಲ, ಎದುರಾಳಿಯೂ ಆಟ ಬಿಟ್ಟಿರುತ್ತಾನೆ.

ಒಳ್ಳೆಯ ಹೊತ್ತು ಎರಡನೇ ಕ್ವಾರ್ಟರ್‌ನ ಶುರು. ಪ್ರತಿ ಕ್ವಾರ್ಟರ್‌ಗೆ ಟೀಮ್ ಫೌಲ್ ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತದೆ. ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತದೆ. ಹೊಸಬ ಒಳಬಂದ ಮೊದಲ ನಿಮಿಷದಲ್ಲೇ ಒಂದು ಫೌಲ್ ಮಾಡುವುದು ಹೆಚ್ಚುಕಡಿಮೆ ಖಾತ್ರಿ. ಕ್ವಾರ್ಟರ್‌ನ ಶುರುವಿನಲ್ಲಿ ಮಾಡಿದರೆ ದಂಡ ಅಷ್ಟಾಗಿ ಬೀಳದು. ನಾಲ್ಕು ಫೌಲ್ ಆಗಿ ಕೂತಿರುವ ಮೊದಲ ಕ್ವಾರ್ಟರ್‌ನ ಕೊನೆಗೆ ಅವನನ್ನು ಕಳಿಸಿ, ಫೌಲ್ ಮಾಡಿದ ಎಂದು ಬೈಯುವುದು ನ್ಯಾಯವಲ್ಲ. ಮೂವರು ಸೀನಿಯರ್‌ಗಳ ಜೊತೆ ಇಬ್ಬರು ಬೆಂಚ್‌ನವರು, ನಾಲ್ಕು ನಿಮಿಷ. ಒಂದು ತಪ್ಪಿಗೆ ಎಳೆದು ಕೂರಿಸಬೇಡಿ. ಕೂರಿಸಿದರೆ ಮುಂದಿನ ಸಲ ಅವನ ಗಮನವೆಲ್ಲ ಬೆಂಚ್ ಕಡೆಗೇ ಇರುತ್ತದೆ.

ಇಪ್ಪತ್ತು ನಿಮಿಷ ಕೂತು ತಣ್ಣಗಾದ ಮೈಯಲ್ಲಿ ಎದ್ದು ಹೋದರೆ ಮೊದಲ ಶಾಟ್ ಬೀಳುವುದಿಲ್ಲ, ತೊಡೆ ಹಿಂಭಾಗ ಹಿಡಿದುಕೊಳ್ಳುವುದೂ ಉಂಟು. ಇಳಿಸುವ ಮೂರು ನಿಮಿಷ ಮುಂಚೆ ಹೇಳಿ. ಬೆಂಚ್ ಹಿಂದೆ ನಿಂತು ಹತ್ತು ಸ್ಕ್ವಾಟ್, ನಿಂತಲ್ಲೇ ಓಟ, ಪಕ್ಕಕ್ಕೆ ಸರಿಯುವುದು ಮಾಡಲಿ. ಹಾಫ್ ಟೈಮ್‌ನಲ್ಲಿ ಮೀಟಿಂಗ್ ಮುಗಿದ ಕೂಡಲೇ ಮೊದಲು ಚೆಂಡು ಸಿಗಬೇಕಾದದ್ದು ಬೆಂಚ್‌ನವರಿಗೆ. ಸೀನಿಯರ್‌ಗಳ ಮೈ ಬಿಸಿಯಾಗಿಯೇ ಇರುತ್ತದೆ.

ಪಾಯಿಂಟ್ ಬರೆಯುವವರು ಹೇಗೂ ಇರುತ್ತಾರೆ. ಇನ್ನೊಬ್ಬ ವಿದ್ಯಾರ್ಥಿಗೆ ನೋಟ್‌ಬುಕ್ ಕೊಟ್ಟು ಬೇರೆ ಸಂಗತಿ ಬರೆಸಿ: ಪಾಸ್‌ಗೆ ಕೈ ತಾಗಿಸಿ ಕೆಡಿಸಿದ್ದು, ಬಾಕ್ಸ್ ಔಟ್ ಮಾಡಿದ್ದು, ಚೆಂಡು ಕಳೆದದ್ದು, ಅವನು ಒಳಗಿದ್ದಾಗ ತಂಡ ಎಷ್ಟು ಮುಂದೆ ಅಥವಾ ಹಿಂದೆ ಹೋಯಿತು ಎಂಬುದು. ಈ ಕೊನೆಯ ಅಂಕಿಯನ್ನು ಒಂದು ಪಂದ್ಯದ ಮೇಲೆ ನಂಬಬೇಡಿ. ನಾಲ್ಕು ನಿಮಿಷದಲ್ಲಿ ಎದುರಾಳಿಗೆ ಎರಡು ಅದೃಷ್ಟದ ಮೂರು ಪಾಯಿಂಟ್ ಬಿದ್ದರೂ ಲೆಕ್ಕ ತಲೆಕೆಳಗು. ಎಂಟು ಹತ್ತು ಪಂದ್ಯದ್ದು ಕೂಡಿಸಿದಾಗ ಮಾತ್ರ ಏನೋ ತಿಳಿಯುತ್ತದೆ.

ಕಂಠೀರವದಲ್ಲಿ ರಾಜ್ಯ ಮಟ್ಟದ ಪಂದ್ಯಗಳಿದ್ದಾಗ ಬೆಂಚ್‌ನವರನ್ನು ಕರೆದುಕೊಂಡು ಹೋಗಿ. 2017 ಮತ್ತು 2019ರಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆದದ್ದು ಇದೇ ಊರಿನಲ್ಲಿ, 2017ರಲ್ಲಿ ಭಾರತ ಬಿ ವಿಭಾಗ ಗೆದ್ದದ್ದೂ ಇಲ್ಲೇ. ಚೆಂಡಿನ ಹಿಂದೆ ಕಣ್ಣು ಓಡಿಸದೆ ತಮ್ಮದೇ ಜಾಗದ ಒಬ್ಬ ಆಟಗಾರನನ್ನು, ಅದರಲ್ಲೂ ಬದಲಿಯಾಗಿ ಬಂದವನನ್ನು, ಒಂದು ಕ್ವಾರ್ಟರ್ ಪೂರ್ತಿ ನೋಡಿ, ಚೆಂಡಿಲ್ಲದಾಗ ಅವನು ಏನು ಮಾಡಿದ ಎಂದು ಬರೆಯಲಿ.

ಮೈ, ಊಟ, ಮಳೆ, ಇಂಟರ್ನಲ್ಸ್

ಕಾಲೇಜು ಸೇರಿದ ಮೊದಲ ತಿಂಗಳಲ್ಲಿ ಮೊಣಕಾಲ ಕೆಳಗಿನ ಮೂಳೆಯ ಮುಂಭಾಗ ನೋಯುತ್ತದೆ ಎಂದು ಹೊಸಬರು ಹೇಳುವುದು ಸಾಮಾನ್ಯ. ಪಿಯುಸಿ ಎರಡು ವರ್ಷ ಕೂತು ಓದಿದ ಕಾಲನ್ನು ಏಕಾಏಕಿ ದಿನಾ ಸಿಮೆಂಟಿನ ಮೇಲೆ ಕುಣಿಸಿದರೆ ಇನ್ನೇನಾದೀತು. ಮೊದಲ ಎರಡು ವಾರ ದಿನ ಬಿಟ್ಟು ದಿನ, ಜಿಗಿತ ದಿನಕ್ಕೆ 40 ಮೀರದಂತೆ ನೋಡಿಕೊಳ್ಳಿ. ವಾರಕ್ಕೆರಡು ದಿನ ಅರ್ಧ ಗಂಟೆ ಶಕ್ತಿ ವ್ಯಾಯಾಮ: ತೂಕ ಎದೆಗೆ ಹಿಡಿದು ಸ್ಕ್ವಾಟ್ 8ರಂತೆ ಮೂರು ಸೆಟ್, ಹಿಮ್ಮಡಿ ಎತ್ತುವುದು 15ರಂತೆ ಮೂರು, ಪುಷ್ ಅಪ್ 10ರಂತೆ ಮೂರು. ಜಿಮ್ ಇಲ್ಲದಿದ್ದರೆ ಬ್ಯಾಗಿಗೆ ಪುಸ್ತಕ ತುಂಬಿದರೂ ಆಯಿತು. ಜೊತೆಗೆ 30 ಸೆಂಟಿಮೀಟರ್ ಮೆಟ್ಟಿಲಿನಿಂದ ಇಳಿದು, ಮಂಡಿ ಒಳಕ್ಕೆ ವಾಲದಂತೆ ಎರಡು ಸೆಕೆಂಡ್ ನಿಲ್ಲುವುದು. ಹುಡುಗಿಯರ ತಂಡದಲ್ಲಿ ಇದನ್ನು ಒಂದು ವಾರವೂ ತಪ್ಪಿಸಬಾರದು. ಮಂಡಿಯ ಲಿಗಮೆಂಟ್ ಹರಿಯುವ ಅಪಾಯ ಅವರಿಗೆ ಹೆಚ್ಚು.

65 ಕಿಲೋ ತೂಕದ ಆಟಗಾರನಿಗೆ ದಿನಕ್ಕೆ 90 ಗ್ರಾಂ ಪ್ರೋಟೀನಾದರೂ ಬೇಕು. ಹಾಸ್ಟೆಲ್‌ನ ಚಿತ್ರಾನ್ನ, ಪುಳಿಯೋಗರೆಯಿಂದ ಅದು ಬರದು. ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜಕ್ಕೆ ಏಳು, ಒಂದು ಲೋಟ ಹಾಲಿಗೆ ಆರು. ಇದರ ಮೇಲೆ ಮೊಳಕೆ ಕಾಳು, ಬೇಳೆ, ಮೊಸರು ಹೊಂದಿಸಿಕೊಳ್ಳಲಿ.

ಸೆಪ್ಟೆಂಬರ್–ಅಕ್ಟೋಬರ್ ಸಂಜೆಯ ಮಳೆಗೆ ಹೊರಾಂಗಣ ಕೋರ್ಟ್ ವಾರಕ್ಕೆ ಎರಡು ದಿನವಾದರೂ ಕೈಕೊಡುತ್ತದೆ. ಒದ್ದೆ ಕೋರ್ಟಿನಲ್ಲಿ ‘ನಿಧಾನಕ್ಕೆ ಆಡೋಣ’ ಎನ್ನುವುದು ಪಾದ ಉಳುಕಿಸಿಕೊಳ್ಳುವ ದಾರಿ. ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿ ಎಡಗೈ ಡ್ರಿಬಲ್, ಗೋಡೆಗೆ ಪಾಸ್, ಡಿಫೆನ್ಸ್ ಹೆಜ್ಜೆ ಮಾಡಿಸಬಹುದು. ಪಂದ್ಯದ ಮೊಬೈಲ್ ವಿಡಿಯೋ ನೋಡುವುದಕ್ಕೂ ಅದೇ ಹೊತ್ತು ಒಳ್ಳೆಯದು.

ಹಾಜರಾತಿ ಲೆಕ್ಕವನ್ನು ಕ್ಯಾಪ್ಟನ್ ಇಟ್ಟುಕೊಳ್ಳಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಕನಿಷ್ಠ ಶೇಕಡಾ 85 ಬೇಕು. ಟೂರ್ನಿಗೆ ಹೋದ ದಿನಗಳಿಗೆ ಹಾಜರಾತಿ ಕೊಡಿಸುವ ಓಡಿ (ಆನ್ ಡ್ಯೂಟಿ) ಪತ್ರಕ್ಕೆ ಸೀನಿಯರ್‌ಗಳು ತಾವೇ ಓಡಾಡಿಕೊಳ್ಳುತ್ತಾರೆ, ಹೊಸಬರು ಸಂಕೋಚಕ್ಕೆ ಕೇಳುವುದಿಲ್ಲ. ಹಾಜರಾತಿ ಕಡಿಮೆಯಾಗಿ ಮನೆಗೆ ಫೋನ್ ಹೋದ ಮೇಲೆ ಅವರನ್ನು ಮತ್ತೆ ಕೋರ್ಟಿಗೆ ಕರೆತರುವುದು ಕಷ್ಟ. ಟೂರ್ನಿಯಿಂದ ಬಂದ ಮಾರನೇ ದಿನವೇ 12 ಹೆಸರಿನ ಒಂದೇ ಪಟ್ಟಿಗೆ ಪಿಡಿ ಸರ್ ಸಹಿ ಮಾಡಿಸಿ ವಿಭಾಗಗಳಿಗೆ ತಲುಪಿಸಿ. ಇಂಟರ್ನಲ್ಸ್ ವಾರ ಪ್ರಾಕ್ಟೀಸ್ ಪೂರ್ತಿ ನಿಲ್ಲಿಸುವುದಕ್ಕಿಂತ ಬೆಳಗಿನ ಆ 12 ನಿಮಿಷದ ಶೂಟಿಂಗ್ ಮಾತ್ರ ಉಳಿಸಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಹಿಂದಿದ್ದ ದೂರದಿಂದ ಅರ್ಧ ಮೀಟರ್ ಮುಂದೆ ಬಂದು ಶುರು ಮಾಡಿದರೆ ವಾರದೊಳಗೆ ಕೈ ಮೊದಲಿನಂತಾಗುತ್ತದೆ.